ಗೋಡೆ ಹಿಂದಿರುಗಿಸುವ ಕೂಗು

ಬೆಳಗಿನ ನಾಲ್ಕೂವರೆ. ಗಿರಿಯಪ್ಪ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಗೋಡೆಯ ಮೇಲಿನ ರಕ್ತ ಒರೆಸುತ್ತಿದ್ದಾರೆ. ಹಿಂಡುತ್ತಾರೆ, ಮತ್ತೆ ಒರೆಸುತ್ತಾರೆ. ಬುಡದಲ್ಲಿ ಬಿದ್ದ ಕೊಂಬಿನ ಚೂರು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ಕೊಲ್ಲಿ ನಾಡಿನ ಮರಳುಗಾಡಿನಲ್ಲಿ, ಉಮ್ಮ್ ಸಲಾಲ್ ಊರಿನಿಂದಲೂ ಆಚೆ, ಶ್ರೀಮಂತರೊಬ್ಬರ ಖಾಸಗಿ ಪ್ರಾಣಿತೋಟವಿದು. ಪಕ್ಕದ ತಂಪು ಶೆಡ್ಡಿನಲ್ಲಿರುವುದು ಚಳಿದೇಶದಿಂದ ವಿಮಾನದಲ್ಲಿ ಬಂದ ಎಲ್ಕ್, ಕುದುರೆಯೆತ್ತರದ ಗಂಡು ಜಿಂಕೆ. ಜೊತೆಗೆ ಬಂದ ಹೆಣ್ಣು ಮೊದಲ ಬೇಸಿಗೆಯಲ್ಲೇ ಸತ್ತಿತು. ಉಳಿದ ಇದನ್ನು ಸುಳ್ಯದ ಕಡೆಯ ಗಿರಿಯಪ್ಪ 'ಮಾವ' ಎನ್ನುತ್ತಾರೆ. ಎರಡು ಸಾವಿರದ ಇಸವಿಯಿಂದ ಈ ಆರು ವರ್ಷ ಅದರ ಚಾಕರಿ ಅವರದೇ. ದಿನಕ್ಕೆ ಹದಿನೈದು ಕಿಲೋ ಒಣಹುಲ್ಲು, ನಲವತ್ತು ಲೀಟರ್ ನೀರು. ಏಸಿ ಕೈಕೊಟ್ಟರೆ ಅರ್ಧ ಗಂಟೆಗೊಮ್ಮೆ ಮೈಗೆ ಪೈಪು ಹಿಡಿಯಬೇಕು. ಗಿರಿಯಪ್ಪನವರ ಕೋಣೆಗೆ ಇನ್ನೂ ಫ್ಯಾನೇ ಗತಿ.

ಸೆಪ್ಟೆಂಬರ್ ಮಾವನ ಬೆದೆಗಾಲ. ಕತ್ತು ಚಾಚಿ, ಗಂಟಲಿನಿಂದ ಸಿಳ್ಳೆಯಂತೆ ಏರುವ ಕೂಗು ಹಾಕುತ್ತದೆ.

"ಗುಡ್ಡ ಇದ್ರೆ ಕೂಗು ಅಲ್ಲಿ ಬಡಿದು ಇಲ್ಲಿ ಬಡಿದು ಸುತ್ತಿ ಬರ್ತದೆ. ನಮ್ಮ ಕಡೆ ಕಡವೆ ಕೂಗಿದ್ರೆ ಎಲ್ಲಿಂದ ಅಂತಲೇ ಗೊತ್ತಾಗುದಿಲ್ಲ. ಇಲ್ಲಿ ಎಂತ ಉಂಟು? ಅಂಗೈ ಹಾಗೆ ನೆಲ. ಹೋದದ್ದು ಹೋಯ್ತು," ಎನ್ನುತ್ತಾರೆ ಗಿರಿಯಪ್ಪ.

ಮೊದಲೆಲ್ಲ ಮಾವ ಕೂಗಿ, ಕಿವಿ ನಿಮಿರಿಸಿ ಕಾದು, ಉತ್ತರ ಬಾರದೆ ಹುಲ್ಲಿಗೆ ಬಾಯಿ ಹಾಕುತ್ತಿತ್ತು.

ಗೋಡೆ ಬೇಕೆಂದವರು ಗಿರಿಯಪ್ಪನವರೇ. ಈ ಬೇಸಿಗೆಯಲ್ಲಿ ಗಾಳಿಯ ಮರಳು ಹೊಡೆದು ಮಾವನ ಕಣ್ಣಲ್ಲಿ ಕೀವಾಗಿತ್ತು. ಒಂದು ಮಾತು ಹೇಳಿದ್ದಕ್ಕೆ, ನಾಲ್ಕೇ ದಿನದಲ್ಲಿ ಎರಡಾಳೆತ್ತರದ ನುಣುಪು ಕಾಂಕ್ರೀಟ್ ಗೋಡೆ ಎದ್ದಿತು. ಕಣ್ಣು ವಾಸಿಯಾಯಿತು. ಆಮೇಲೆ ಸೆಪ್ಟೆಂಬರ್ ಬಂತು. ಮಾವ ಕೂಗಿತು, ಗೋಡೆ ತಿರುಗಿ ಕೂಗಿತು. ಆಚೆ ಇನ್ನೊಂದು ಗಂಡು ಇದೆಯೆಂದುಕೊಂಡು ಅದು ಕೊಂಬು ತಗ್ಗಿಸಿ ಗೋಡೆಯತ್ತ ಓಡಿತು.

ಮೇವಿನ ಲಾರಿ ತರುವ ಪಕೀರಬ್ಬ ಇಳಿಯುತ್ತಲೇ ಕೇಳುತ್ತಾರೆ, "ಎಂತ ಗಿರಿಯಣ್ಣ, ಮಾವ ನಿನ್ನೆ ಸಹ ಕುಸ್ತಿಗೆ ಹೋಗಿದ್ರಾ?"

"ಹೋಗದೆ ಇರ್ತಾರಾ? ಅವರಿಗೆ ಸೋತು ಗೊತ್ತುಂಟಾ?"

"ಗೋಡೆಗೂ ಗೊತ್ತಿಲ್ಲ ಮಾರಾಯ್ರೆ. ಒಂದು ದಿನ ಖಲಾಸ್ ನೋಡಿ."

ಗಿರಿಯಪ್ಪ ನಗುವುದಿಲ್ಲ. ಎಡಗೊಂಬು ಮುರಿದಿದೆ, ಹಣೆ ಒಡೆದಿದೆ. ಹೀಗೇ ಗುದ್ದಿದರೆ ಕತ್ತೇ ಹೋದೀತೆಂದು ಡಾಕ್ಟರು ಹೇಳಿದ್ದಾರೆ. ಒಳಗೇ ಕೂಡಿಟ್ಟರೆ ಬಾಗಿಲಿಗೆ ಗುದ್ದುತ್ತದೆ.

ಒಂದು ದಾರಿ ಅವರಿಗೆ ಕಂಡಿದೆ. ಗೋಡೆಯ ಒಂದು ಮೂಲೆಗೆ ಗಾಳಿಯೇ ಮರಳು ತಂದು ಇಳಿಜಾರಾಗಿ ಒಟ್ಟಿದೆ. ಅದರೆದುರು ನಿಂತು ಕೂಗಿದರೆ ಸ್ವರ ಅಲ್ಲೇ ಇಂಗುತ್ತದೆ.

"ಮೂರು ಸಂಜೆ ನಾನೇ ಕೂಗಿ ನೋಡಿದೆ. ಗೇಟಿನವ ನನಗೆ ಹುಚ್ಚು ಅಂದ."

ಬಿಡುವಾದಾಗ ಅವರೇ ಬಕೆಟ್ಟಿನಲ್ಲಿ ಮರಳು ಹೊತ್ತು ಸುರಿಯುತ್ತಾರೆ. ಎಂಬತ್ತು ಮೀಟರ್ ಗೋಡೆ. ಎರಡು ವಾರದಲ್ಲಿ ಮುಚ್ಚಿದ್ದು ಮೂರು ಮೀಟರ್.

ಆರು ಗಂಟೆಗೆ ಮ್ಯಾನೇಜರ್ ಫಿಡೆಲಿಸ್ ಅವರ ಕಾರು ಬರುತ್ತದೆ. ಒದ್ದೆ ಕೈ ಒರೆಸಿಕೊಂಡು ಗಿರಿಯಪ್ಪ ಕಿಟಕಿಯ ಬಳಿ ನಿಲ್ಲುತ್ತಾರೆ. ಈ ತಿಂಗಳಲ್ಲಿ ಇದು ನಾಲ್ಕನೇ ಸಲ.

"ಸಾರ್, ಗೋಡೆ ಒಡೆಯುದು ಬೇಡ. ಬುಡಕ್ಕೆ ಹತ್ತಿಪ್ಪತ್ತು ಲೋಡು ಮರಳು ಹಾಕ್ಲಿಕ್ಕೆ ಹೇಳಿ."

ಗಾಜು ಮೇಲೇರುತ್ತದೆ. ಕಾರು ಆಫೀಸಿನ ಕಡೆ ಸಾಗುತ್ತದೆ. ಗಿರಿಯಪ್ಪ ಅದರ ಹಿಂದೆ ನಾಲ್ಕು ಹೆಜ್ಜೆ ಹೋಗುತ್ತಾರೆ.

"ಮರಳು ಸಾರ್. ಮರಳು ಮಾತ್ರ."