ಅಲ್ಲಿ ಕೂಗಬಾರದಿದ್ದ ಹೆಸರು

ಅದು ಎರಡು ಸಾವಿರದ ಇಸವಿಯ ಬೇಸಿಗೆ. ಇಸವಿ ಬದಲಾದಾಗ ಕಂಪ್ಯೂಟರುಗಳು ಕೈಕೊಡುತ್ತವೆಂಬ ವೈಟುಕೆ ಗಡಿಬಿಡಿ ಮುಗಿದ ಖುಷಿಗೆ ನಮ್ಮ ಯಜಮಾನರ ಆಫೀಸಿನವರು ಎಲ್ಲ ಕುಟುಂಬಗಳಿಗೂ ಒಂದು ದಿನದ ಪ್ರವಾಸ ಏರ್ಪಡಿಸಿದ್ದರು. ನಾವಿದ್ದ ಊರು ಪ್ಲೇನ್ಸ್‌ಬರೋದಿಂದ ನ್ಯೂಯಾರ್ಕಿಗೆ ಬಸ್ಸು. ಮಧ್ಯಾಹ್ನ ಬೋಟಿನಲ್ಲಿ ಸುತ್ತಾಟ. ಅದಕ್ಕೂ ಮೊದಲು, ಹಿಟ್ಲರನ ಯಾತನಾ ಶಿಬಿರಗಳಲ್ಲಿ ಸತ್ತವರ ನೆನಪಿಗೆ ನದಿಯ ದಂಡೆಯಲ್ಲಿ ಕಟ್ಟಿದ ಸ್ಮಾರಕ ಭವನ.

"ರಜಾ ದಿನ ನೋಡೋಕೆ ಬೇರೆ ಜಾಗಾನೇ ಸಿಗಲಿಲ್ವೇನ್ರೀ?" ಎಂದೆ.

"ಮಾಲ್‌ಗೆ ಕರ್ಕೊಂಡು ಹೋಗ್ಲಿಲ್ಲ ಅಂತ ತಾನೇ ನಿನ್ನ ಸಂಕಟ? ಸುಮ್ನೆ ಬಾರೇ" ಎಂದು ಇವರು ನಕ್ಕರು.

ಒಳಗೆ ಹೋಗಿ ಮಹಡಿಯ ಮೆಟ್ಟಿಲು ಹತ್ತಿದೆವು. ಶಿಬಿರದಿಂದ ತಂದಿಟ್ಟ ಮರದ ಮಂಚದ ಹಲಗೆ, ಯಾವುದೋ ಮಗುವಿನ ಷೂ. ಕಿಟಕಿಯ ಪಕ್ಕ ವಯಸ್ಸಾದ ಹೆಂಗಸೊಬ್ಬರು ಕುಳಿತಿದ್ದರು. ಹುಡುಗಿಯಾಗಿದ್ದಾಗ ಅಂಥದೊಂದು ಶಿಬಿರದಿಂದ ಬದುಕಿ ಬಂದವರು, ಮನೆಯವರಲ್ಲಿ ಬೇರೆ ಯಾರೂ ಉಳಿಯಲಿಲ್ಲ ಎಂದು ಗೈಡ್ ಪರಿಚಯಿಸಿದಳು. ಅವರ ಮಾತು ಕೇಳುತ್ತಾ ನಿಂತಿದ್ದೆ. ಇದ್ದಕ್ಕಿದ್ದಂತೆ ನನ್ನ ಕೈ ಖಾಲಿ ಎನಿಸಿತು. ನಾಲ್ಕು ವರ್ಷದ ಮಗ ಪಕ್ಕದಲ್ಲಿರಲಿಲ್ಲ.

"ನಿನ್ನ ಕೈ ಹಿಡ್ಕೊಂಡಿದ್ನಲ್ಲೇ!" ಎಂದವರೇ ಇವರು ಮುಂಬಾಗಿಲಿನತ್ತ ಓಡಿದರು. ಹೊರಗೆ ಸ್ವಲ್ಪ ಬಯಲು, ಅದರಾಚೆ ನದಿ. ದಂಡೆಯ ಕಂಬಿಗಳ ಸಂದಿಯಲ್ಲಿ ಅಷ್ಟು ಚಿಕ್ಕವನು ಸಲೀಸಾಗಿ ನುಸುಳಬಹುದು.

"ಆರ್ಯನ್! ಆರ್ಯನ್!" ಎಂದು ಕೂಗಿದೆ.

ಇಡೀ ಕೋಣೆ ನನ್ನತ್ತ ತಿರುಗಿತು. ಒಂದು ಮುಖದಲ್ಲೂ ಕನಿಕರವಿರಲಿಲ್ಲ. ಸೆಕ್ಯುರಿಟಿಯವನು ಬಂದು, "ಇಲ್ಲಿ ಏನೆಂದು ಕೂಗುತ್ತಿದ್ದೀರಿ?" ಎಂದು ಗದರಿದ. ಆಗ ಹೊಳೆಯಿತು. ಶ್ರೇಷ್ಠ ಎಂಬ ಅರ್ಥ ಹೇಳಿ, ನಾಮಕರಣದ ದಿನ ನಮ್ಮ ಮಾವನವರು ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಸಿದ ಹೆಸರು ಅದು. ಇಲ್ಲಿ ಗೋಡೆಯ ಮೇಲಿನ ಫೋಟೋಗಳಲ್ಲಿದ್ದವರನ್ನೆಲ್ಲ ಹಿಟ್ಲರನ ಕಡೆಯವರು, 'ಆರ್ಯನ್' ಜನಾಂಗಕ್ಕೆ ಸೇರದವರು ಎಂದೇ ಕೊಂದಿದ್ದರು. ಗೈಡ್ ಅದನ್ನು ಹೇಳಿದಾಗಲೂ ನನ್ನ ತಲೆಗೆ ಹೋಗಿರಲಿಲ್ಲ.

"ಮೈ ಸನ್... ಹಿಸ್ ನೇಮ್..." ಎಂದೆ. "ಪುಟ್ಟಾ, ಕಂದಾ" ಎನ್ನುತ್ತಾ ಹುಡುಕಿದೆ. ಆ ದನಿ ಪಕ್ಕದವರಿಗೂ ಕೇಳಿಸುವಂತಿರಲಿಲ್ಲ. ಹೆಸರು ಹಿಡಿದು ಕೂಗಲೇಬೇಕು, ಬಾಯಿ ಬರುತ್ತಿಲ್ಲ. ಅವನು ಅಷ್ಟರಲ್ಲಿ ಎಲ್ಲಿಗೆ ಹೋಗಿರುತ್ತಾನೋ!

ಆ ಅಜ್ಜಿ ಎದ್ದು ಬಂದರು. "ಮಗುವಿನ ಹೆಸರಾ ಅದು?" ಎಂದು ಕೇಳಿದರು. ತಲೆಯಾಡಿಸಿದೆ. ಅವರು ನಿಧಾನವಾಗಿ ಮೆಟ್ಟಿಲ ತುದಿಗೆ ಹೋಗಿ, ಕಂಬಿ ಹಿಡಿದು, ಒಂದು ಸಲ ಕಣ್ಣು ಮುಚ್ಚಿಕೊಂಡರು.

"ಆರ್ಯನ್!"

ದನಿ ಒಡೆಯಿತು. ಮತ್ತೆ ಕೂಗಿದರು, ಇನ್ನೂ ಜೋರಾಗಿ. ಸೆಕ್ಯುರಿಟಿಯವನೂ ಕೂಗಿದ. ಆಮೇಲೆ ಯಾರು ಯಾರೋ.

"ವಾಟ್?" ಎಂದು ಕೆಳಗಿನಿಂದ ಕೇಳಿಸಿತು.

ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದೆ. ನದಿಯ ಕಡೆಯ ಹಿಂಬಾಗಿಲನ್ನು ಯಾರೋ ತೆರೆದಿಟ್ಟಿದ್ದರು. ಹೊಸ್ತಿಲಾಚೆ ನಿಂತು ಮಗ ಹಿಂತಿರುಗಿ ನೋಡುತ್ತಿದ್ದ. "ಐ ವಾಂಟ್ ಟು ಸೀ ದ ಬೋಟ್, ಅಮ್ಮಾ."

ಅವನನ್ನು ಎತ್ತಿಕೊಂಡು ಮೇಲೆ ಬಂದೆ. ಅಜ್ಜಿ ಅವನ ಕೆನ್ನೆ ಮುಟ್ಟಿ, "ನನ್ನ ತಮ್ಮನೂ ಹೀಗೇ ಕೈ ಬಿಡಿಸಿಕೊಂಡು ಓಡುತ್ತಿದ್ದ" ಎಂದರು. ಕ್ಷಮಿಸಿ ಎಂದೆನೋ, ಥ್ಯಾಂಕ್ಸ್ ಎಂದೆನೋ ನೆನಪಿಲ್ಲ.

ಮಗ ಈಗ ನನಗಿಂತ ಎತ್ತರ. ಆದರೂ ಆ ದಿನ ನೆನಪಾದಾಗ, ಅವನು ಸಿಕ್ಕಿದ್ದು ನೆನಪಿಗೆ ಬರುವುದೇ ಇಲ್ಲ. ತೆರೆದ ಬಾಗಿಲು ಬರುತ್ತದೆ, ಬಾಯಿ ಕಟ್ಟಿ ನಿಂತ ನಾನು ಬರುತ್ತೇನೆ. ಆ ಅಜ್ಜಿ ಆ ಪದದಿಂದ ಅದಕ್ಕೂ ಮೊದಲು ಯಾರನ್ನಾದರೂ ಹತ್ತಿರ ಕರೆದಿದ್ದರೇ? ಇರಲಾರದು. ನನ್ನ ಮಗನಿಗಾಗಿ ಕರೆದರು.