ಸೀದುಹೋದ ಕಷಾಯ

ನೆಗಡಿಯಾಗಿದೆ ಎಂದು ಬಾಯಿಬಿಟ್ಟರೆ ಸಾಕು, ನಮ್ಮ ಅತ್ತಿಗುಂಡಿಯಲ್ಲಿ ಎದುರು ಸಿಕ್ಕವರೆಲ್ಲ ವೈದ್ಯರಾಗುತ್ತಾರೆ. ನೀಲಗಿರಿ ಎಲೆ ಹಾಕಿ ಹಬೆ ತಗೊಳ್ಳಿ ಅನ್ನುವವರು ಒಬ್ಬರು, ಅರಿಶಿನದ ಕೊಂಬು ಸುಟ್ಟು ಹೊಗೆ ಎಳೆಯಿರಿ ಅನ್ನುವವರು ಇನ್ನೊಬ್ಬರು. ಒಂದು ಚೊಂಬು ನೀರು ಕಾಯಿಸಿಕೊಡುವವರು ಮಾತ್ರ ಯಾರೂ ಇಲ್ಲ. ಮದುವೆಯಾಗಿ ಈ ಬೆಟ್ಟಕ್ಕೆ ಬಂದಮೇಲೆ ನನ್ನ ನೆಗಡಿಗೆ ನಾನೇ ಒಲೆ ಹಚ್ಚಿಕೊಂಡಿದ್ದೇನೆ.

ಕಳಸದ ತವರಿನಲ್ಲಿ ಹಾಗಿರಲಿಲ್ಲ. ನನ್ನ ಮೊದಲ ಸೀನಿಗೇ ಅಮ್ಮ ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿಯಲು ಕೂರುತ್ತಿದ್ದಳು. ಘಮ ಏಳುವವರೆಗೆ ಮಾತ್ರ ಹುರಿಯಬೇಕು. ಬಣ್ಣ ತಿರುಗಿತೋ, ಎಲ್ಲವನ್ನೂ ಹೊರಗೆ ಚೆಲ್ಲಿ ಮತ್ತೆ ಶುರು ಮಾಡುತ್ತಿದ್ದಳು. ಶುಂಠಿ, ಬೆಲ್ಲ ಹಾಕಿ ಕುದಿಸಿ, ಕೊನೆಗೆ ದೊಡ್ಡಪತ್ರೆಯ ರಸ ಹಿಂಡಿ, ನಾನು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿರುತ್ತಿದ್ದಳು. ಅಮ್ಮ ಹೋದಮೇಲೆ ಅವಳ ಒಡವೆಗಳು ಅಣ್ಣಂದಿರ ಮನೆ ಸೇರಿದವು. ನನಗೆ ಉಳಿದದ್ದು ಈ ಕಷಾಯವೊಂದೇ.

ಅದನ್ನೂ ನನ್ನ ಗಂಡ ತಮ್ಮದು ಮಾಡಿಕೊಂಡರು. ಮನೆಯ ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿದ ಮೇಲೆ, ಬಂದವರಿಗೆಲ್ಲ "ಇದು ನಮ್ಮಜ್ಜಿ ಕಷಾಯ" ಎಂದು ಹೇಳಿ ಲೋಟ ಕೊಡುತ್ತಾರೆ. ಅವರ ಅಜ್ಜಿಯನ್ನು ನಾನು ಕಂಡಿದ್ದೇನೆ. ಜ್ವರಕ್ಕೂ ನೆಗಡಿಗೂ ಹೊಟ್ಟೆನೋವಿಗೂ ಒಂದೇ ಕರಿಕಾಫಿ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ ಹೆಂಗಸು. ಒಂದಲ್ಲ ಒಂದು ದಿನ ಅತಿಥಿಗಳ ಎದುರೇ ನಿಜ ಹೇಳುತ್ತೇನೆ, ಇದು ನಮ್ಮಮ್ಮನದು ಎನ್ನುತ್ತೇನೆ ಎಂದು ಹಲ್ಲುಕಚ್ಚಿಕೊಂಡು ಕಾಯುತ್ತಿದ್ದೆ.

ಕಳೆದ ಶ್ರಾವಣದ ಒಂದು ಶನಿವಾರ ನನಗೆ ತಲೆ ಎತ್ತಲಾಗದಷ್ಟು ನೆಗಡಿ. ಮೂಗು ಪೂರ್ತಿ ಕಟ್ಟಿತ್ತು. ಆ ಮಧ್ಯಾಹ್ನ ಗಿರಿಯ ಮೇಲೆ ಮಂಜು-ಮಳೆಗೆ ಸಿಕ್ಕಿ ನೆನೆದುಬಂದ ಆರು ಮಂದಿ ಅತಿಥಿಗಳು ಜಗಲಿಯಲ್ಲಿ ಕೂತು ಸೀನತೊಡಗಿದರು. ಗಂಡ ಅಡುಗೆಮನೆಗೆ ಬಂದರು.

"ಆರು ಲೋಟ ಕಷಾಯ ಮಾಡು ಮಾರಾಯ್ತಿ. ನೀನು ಹೊರಗೆ ಬರ್ಬೇಡ. ಅವ್ರ ಎದುರು ಸೀನಿದ್ರೆ ರಿವ್ಯೂ ಹಾಳಾಗ್ತದೆ."

ನಾನು ಏಳು ಲೋಟದ ನೀರಿಟ್ಟೆ. ಹುರಿಯುತ್ತ ಘಮ ಬರಲೆಂದು ಕಾದೆ; ಕಟ್ಟಿದ ಮೂಗಿಗೆ ಘಮ ಎಲ್ಲಿಂದ ಬರಬೇಕು? ಕಣ್ಣು ಬೇರೆ ಸುರಿಯುತ್ತಿತ್ತು. ಒರೆಸಿಕೊಂಡು ನೋಡುವಷ್ಟರಲ್ಲಿ ಜೀರಿಗೆ ಕರ್ರಗಾಗಿತ್ತು. ಅಮ್ಮನಾಗಿದ್ದರೆ ಚೆಲ್ಲುತ್ತಿದ್ದಳು. ನನಗೆ ನಿಲ್ಲಲೂ ತ್ರಾಣವಿರಲಿಲ್ಲ, ಅದನ್ನೇ ಕುಟ್ಟಿ ಕುದಿಸಿದೆ. ಆರು ಲೋಟ ಜಗಲಿಗೆ ಹೋದವು. ಏಳನೆಯದನ್ನು ಎರಡೂ ಕೈಯಲ್ಲಿ ಹಿಡಿದು ಮಣೆಯ ಮೇಲೆ ಕೂತೆ. ಬಾಯಿಗಿಡುವ ಮೊದಲೇ ಗಂಡ ಮತ್ತೆ ಬಂದರು.

"ಎಂಥಾ ಸ್ಟ್ರಾಂಗು ಅಂತಿದಾರೆ! ಒಬ್ರು ಇನ್ನೊಂದು ಕೇಳ್ತಿದಾರೆ. ನೀನು ಆಮೇಲೆ ಮಾಡ್ಕೊ."

ನನ್ನ ಕೈಯಿಂದಲೇ ಲೋಟ ತೆಗೆದುಕೊಂಡು ಹೋದರು. ಆಮೇಲೆ ನಾನು ಮಾಡಿಕೊಳ್ಳಲಿಲ್ಲ. ಸೆರಗಿನಲ್ಲಿ ಮೂಗೊರೆಸಿಕೊಂಡು ರಾತ್ರಿಯಡುಗೆಗೆ ಅಕ್ಕಿ ತೊಳೆದೆ.

ಮರುದಿನ ಬೆಳಿಗ್ಗೆ ಹೊರಡುವ ಮುನ್ನ, ಅತಿಥಿಗಳಲ್ಲಿ ಹಿರಿಯ ಹೆಂಗಸೊಬ್ಬರು ಫೋನು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. "ಅಯ್ಯೋ, ನಿಮಗೂ ನೆಗಡಿನಾ? ನೀವು ಕುಡಿದ್ರಾ ಕಷಾಯ?" ಎಂದು ಕೇಳಿದರು. ಈ ಮನೆಯಲ್ಲಿ ಯಾರೂ ಕೇಳದ ಮಾತು. ಅಳು ಬಂದುಬಿಟ್ಟಿತು, ನೆಗಡಿಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

"ಇದನ್ನ ನಿಮಗೆ ಯಾರು ಕಲಿಸಿದ್ದು? ಹೇಳಿ, ಬರ್ಕೊಳ್ತೀನಿ."

ಅವರ ಹಿಂದೆ ನನ್ನ ಗಂಡ ಬ್ಯಾಗು ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದರು.

"ಇವ್ರ ಅಜ್ಜಿ" ಎಂದೆ.

"ಜೀರಿಗೇನ ಪೂರ್ತಿ ಕಪ್ಪಾಗೋವರೆಗೂ ಹುರೀಬೇಕಲ್ವಾ? ಆ ಕಹಿನೇ ಮದ್ದು, ಅಲ್ವಾ?"

ಹೌದು ಎಂದು ತಲೆಯಾಡಿಸಿದೆ. ಅವರು ಅದನ್ನೂ ಬರೆದುಕೊಂಡರು. ಗಂಡ ಕಿತ್ತುಕೊಂಡರೆಂದು ಇಷ್ಟು ವರ್ಷ ಒಳಗೊಳಗೇ ಬೈದುಕೊಂಡಿದ್ದೆ. ಕೇಳಿದ ಒಬ್ಬರೇ ಒಬ್ಬರ ಎದುರು ಅಮ್ಮನನ್ನು ಇಲ್ಲವಾಗಿಸಿದವಳು ನಾನು.