ಬನ್ನಿದಿನ್ನಿಯ ಹಳ್ಳ ಕಾಯುವ ತಾಟುಗಳು

ಬೆಳಕು ಇನ್ನೂ ಹಳ್ಳಕ್ಕೆ ಇಳಿದಿಲ್ಲ. ತಿಮ್ಮವ್ವ ಇಳಿದಿದ್ದಾರೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಬಿಳಿ ಗಾಜಿನ ಬಾಟಲಿ ತುಂಬಿ ಮೂಗಿನ ಹತ್ತಿರ ಹಿಡಿಯುತ್ತಾರೆ. ಕಂಕುಳಲ್ಲಿ ಊಟದ ಸ್ಟೀಲ್ ತಾಟು, ಸೊಂಟದಲ್ಲಿ ಸೌಟು. ಬಾಟಲಿಯನ್ನು ಪೂರ್ವದ ಕಡೆ ಎತ್ತಿ ನೋಡುತ್ತಾರೆ. ಮತ್ತೊಮ್ಮೆ ಮೂಸುತ್ತಾರೆ. ಆಮೇಲೆ ಅದೇ ನೀರಿನಲ್ಲಿ ಮುಖ ತೊಳೆದು ಸೆರಗಿನಿಂದ ಒರೆಸಿಕೊಳ್ಳುತ್ತಾರೆ.

"ಇವತ್ತ ಚಲೋ ಅದ ರೀ. ಬರೇ ಪಾಚಿ ವಾಸನಿ. ಪಾಚಿ ವಾಸನಿ ಬಂತಂದ್ರ ಹಳ್ಳ ಆರಾಮ ಅದ ಅಂತ ತಿಳೀರಿ."

ತಾಟು ಇಂದು ಸದ್ದು ಮಾಡಬೇಕಿಲ್ಲ. ತಿಮ್ಮವ್ವ ಅದನ್ನು ತೊಳೆದು ಮನೆಗೆ ಒಯ್ಯುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಅದರಲ್ಲೇ ಗಂಡ ಖಂಡಪ್ಪನ ರೊಟ್ಟಿ, ಪುಂಡಿಪಲ್ಯ. ಬುತ್ತಿ ಕಟ್ಟಿಕೊಂಡು ಟಂಟಂ ಆಟೋ ಹತ್ತಿದರೆ ಸಂಜೆಯವರೆಗೂ ಹತ್ತಿ ಬಿಡಿಸುವ ಕೂಲಿ. ಹಳ್ಳದ ಕೆಲಸಕ್ಕೆ ಕೂಲಿಯಿಲ್ಲ.

ಯಾದಗಿರಿಯಿಂದ ಗುರುಮಠಕಲ್ ಕಡೆಗೆ ಹೋಗುವ ಬಸ್ಸು ರಾಮಸಮುದ್ರ ದಾಟಿದ ಮೇಲೆ ಒಂದು ಬೇವಿನ ಮರದಡಿ ನಿಲ್ಲುತ್ತದೆ. ಅಲ್ಲಿಂದ ಒಳಗೆ ನಡೆದರೆ ಬನ್ನಿದಿನ್ನಿ. ಊರನ್ನು ಬಳಸಿಕೊಂಡು ಹರಿಯುವ ಹಳ್ಳ ಮುಂದೆ ಭೀಮಾ ನದಿ ಸೇರುತ್ತದೆ. ಮೇಲೆ ಒಂದು ಸೇತುವೆ, ಅದರ ಪಕ್ಕಕ್ಕೆ ತಿಮ್ಮವ್ವನವರ ಓಣಿ, ನಡುವೆ ಗೌಡರ ಓಣಿ, ಕೊನೆಗೆ ನೀರು ಹರಿದುಹೋಗುವ ಕಡೆ ಮಲ್ಕಪ್ಪನ ಕುರಿಹಟ್ಟಿ. ಕೆಲವು ವರ್ಷಗಳ ಹಿಂದೆ ಸೇತುವೆಯ ಮೇಲೆ ಕತ್ತಲಲ್ಲಿ ಟ್ಯಾಂಕರುಗಳು ನಿಲ್ಲತೊಡಗಿದವು. ಯಾವುದೋ ಕಾರ್ಖಾನೆಯ ಹೊಲಸನ್ನು ಪೈಪಿನಿಂದ ಹಳ್ಳಕ್ಕೆ ಇಳಿಸಿ, ಊರು ಏಳುವಷ್ಟರಲ್ಲಿ ಹೊರಟುಬಿಡುತ್ತಿದ್ದವು. ಬೆಳಿಗ್ಗೆ ನೀರಿನ ಮೇಲೆ ಕಂದು ನೊರೆ, ಕಣ್ಣು ಉರಿಸುವ ಘಾಟು. ಬಟ್ಟೆ ಒಗೆದವರ ಅಂಗೈ ಸುಲಿಯುತ್ತಿತ್ತು.

ದೂರು ಕೊಟ್ಟರು. ಅಧಿಕಾರಿಗಳು ಬಂದರು, ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋದರು. ನೀರು ಚೆನ್ನಾಗಿದೆ ಎಂಬ ವರದಿ ಬಂತು.

"ಸಾಹೇಬ್ರು ಬರೂದ್ರಾಗ ಹೊಲಸು ಭೀಮಾ ಮುಟ್ಟಿರ್ತಿತ್ತು" ಎನ್ನುತ್ತಾರೆ ತಿಮ್ಮವ್ವ. "ನಾವು ಸುಳ್ಳು ಹೇಳಾಕತ್ತೇವಿ ಅಂತ ಅವರಿಗೆ ಅನಸ್ತಿತ್ತು. ಹಳ್ಳ ಏನ್ ಸಾಕ್ಷಿ ಹೇಳಾಕ ನಿಂದ್ರತದೇನ್ರಿ?"

ತಾಟು ಮೊದಲ ಬಾರಿ ಸದ್ದು ಮಾಡಿದ್ದು ಕೊರೊನಾ ಕಳೆದ ಮರುವರ್ಷ. ನಸುಕಿನಲ್ಲಿ ಪಾತ್ರೆ ಬೆಳಗಲು ಹಳ್ಳಕ್ಕೆ ಹೋಗಿದ್ದ ತಿಮ್ಮವ್ವ ನೊರೆಯನ್ನೂ, ಹೊಟ್ಟೆ ಮೇಲಾಗಿ ತೇಲುವ ಮೀನುಗಳನ್ನೂ ಕಂಡರು. ಕೂಗಿದರೆ ಎಷ್ಟು ದೂರ ಕೇಳೀತು? ಕೈಯಲ್ಲಿದ್ದ ತಾಟನ್ನೇ ಬಡಿಯುತ್ತ ಓಣಿಗೆ ಓಡಿದರು. ಊರು ಎದ್ದಿತು. ಎದ್ದು ಏನು ಮಾಡಿತು? ಕೊರೊನಾ ಕಾಲದಲ್ಲಿ ಮಾಡಿದ್ದನ್ನೇ ಮಾಡಿತು. ಎಲ್ಲರೂ ಹೊಸ್ತಿಲಿಗೆ ಬಂದು, ತಮ್ಮ ತಮ್ಮ ತಾಟು ಬಡಿದು, ಚಪ್ಪಾಳೆ ತಟ್ಟಿ, ನಗುತ್ತ ಒಳಗೆ ಹೋದರು.

"ನಾನೂ ಹಟ್ಟ್ಯಾಗ ಒಂದು ಡಬ್ಬಿ ಬಡದೆ ರೀ" ಎಂದು ಮಲ್ಕಪ್ಪ ಹೇಳುತ್ತಾರೆ. ಈಗ ಅವರಿಗೆ ನಗು ಬರುತ್ತದೆ, ಪೂರ್ತಿ ಬರುವುದಿಲ್ಲ. "ಯಾಕ ಬಡಿಯಾಕತ್ತೀನಿ ಅಂತ ನನಗs ಗೊತ್ತಿರಲಿಲ್ಲ. ಬಡದು ಮುಗಿಸಿ, ಕುರಿ ನೀರಿಗೆ ಬಿಟ್ಟು, ಬೀಡಿ ಹಚ್ಚಿದೆ. ಬೀಡಿ ಮುಗಿಯೂದ್ರಾಗ ಒಂದೊಂದs ಬೀಳಾಕ ಹತ್ತಿದ್ವು. ಮರಿ ಹಾಕಿದ ಕುರಿನೂ ಹೋದ್ವು."

ಅಂದು ಸಂಜೆ ಕಟ್ಟೆಯ ಮೇಲೆ ಊರು ಸೇರಿತು. ಡಂಗುರ ಸಾರುವ ಹಲಗೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಖಂಡಪ್ಪ ಮತ್ತೆ ಹಲಗೆ ಹಿಡಿಯಲಿ ಎಂದು ಹಿರಿಯರೊಬ್ಬರು ಮಾತು ತೆಗೆದರು. ಖಂಡಪ್ಪನ ತಂದೆ ಊರಿಗೆ ಹಲಗೆ ಬಾರಿಸಿ ಸುದ್ದಿ ಸಾರುತ್ತಿದ್ದವರು. ಸಾವಾಗಲಿ, ಸಭೆಯಾಗಲಿ, ಕರೆದಾಗ ಹೋಗಬೇಕು, ಅಂಗಳದಾಚೆ ನಿಲ್ಲಬೇಕು, ಹಾಕಿದ್ದನ್ನು ಹೆಗಲ ವಸ್ತ್ರ ಒಡ್ಡಿ ಪಡೆಯಬೇಕು. ಮನೆಯವರು ಬೌದ್ಧ ದೀಕ್ಷೆ ಪಡೆದ ದಿನವೇ ಆ ಕೆಲಸ ಬಿಟ್ಟರು. ಚರ್ಮ ಹರಿದ ಹಲಗೆಯ ಕಟ್ಟಿಗೆಯ ಬಳೆ ಈಗ ಅಡುಗೆಮನೆಯಲ್ಲಿದೆ. ಕೊಡ ಉರುಳದಂತೆ ಅದರ ಮೇಲೆ ಕೂರಿಸಿದ್ದಾರೆ.

ಕಟ್ಟೆಯ ಮೇಲೆ ಖಂಡಪ್ಪ ತಲೆ ತಗ್ಗಿಸಿ ಕೂತಿದ್ದರು. ಗೌಡರ ಓಣಿಯ ಬಸ್ಸಮ್ಮ ಹೆಂಗಸರ ಗುಂಪಿನಿಂದಲೇ, "ಸಾರೂದು ನಿಮ್ಮ ಓಣಿ ಕೆಲಸ ಅಲ್ಲೇನs? ಹೊಸಾದೇನ್ ಕೇಳಾಕತ್ತಾರ?" ಎಂದರು.

ಉತ್ತರ ಕೊಟ್ಟದ್ದು ತಿಮ್ಮವ್ವ. "ನೀರು ಎಲ್ಲಾರೂ ಕುಡೀತೀರಿ. ಸಪ್ಪಳ ನಾವೊಬ್ಬರs ಯಾಕ ಮಾಡ್ಬೇಕು ಯಕ್ಕಾ? ನಿಮ್ಮ ಮನ್ಯಾಗ ತಾಟಿಲ್ಲೇನು? ಇಲ್ಲಂದ್ರ ಹೇಳು, ನಮ್ಮದೊಂದು ಕೊಡ್ತೀನಿ."

ಕಟ್ಟೆ ನಕ್ಕಿತು. ಆ ನಗುವಿನಲ್ಲಿಯೇ ಪದ್ಧತಿಯೊಂದು ಹುಟ್ಟಿತು. ಮನೆಗೊಬ್ಬರಂತೆ ಪಾಳಿಯ ಮೇಲೆ ನಸುಕಿನಲ್ಲಿ ಹಳ್ಳ ನೋಡುವುದು. ನೀರು ಕೆಟ್ಟಿದ್ದರೆ ಮೂರು ಬಡಿತ, ಒಂದು ಉಸಿರಿನಷ್ಟು ಬಿಡುವು, ಮತ್ತೆ ಮೂರು. ಕೇಳಿದ ಮನೆ ತನ್ನ ತಾಟು ಎತ್ತಿಕೊಳ್ಳಬೇಕು. ಮುಂದಿನ ಮನೆ ಎತ್ತಿಕೊಳ್ಳುವವರೆಗೂ ನಿಲ್ಲಿಸಬಾರದು. ಹೀಗೆ ಹೊಸ್ತಿಲಿಂದ ಹೊಸ್ತಿಲಿಗೆ ಹೋಗಿ ಸದ್ದು ಹಟ್ಟಿ ಮುಟ್ಟಿದರೆ ಮಲ್ಕಪ್ಪ ಕುರಿ ತಿರುಗಿಸುತ್ತಾರೆ. ನಡುವೆ ಒಂದು ಮನೆ ಮಲಗಿದರೂ ಸುದ್ದಿ ಅಲ್ಲಿಗೇ ನಿಲ್ಲುತ್ತದೆ.

ನಿಂತೂ ನಿಂತಿತು. ಗೌಡರ ಓಣಿ ಬಹಳ ದಿನ ಎದ್ದೇ ಇಲ್ಲ. ನಸುಕಿನಲ್ಲಿ ಭಾಂಡೆ ಬಡಿದರೆ ಮನೆಗೆ ಕೇಡು ಎಂದರು ಬಸ್ಸಮ್ಮ. ತಿಮ್ಮವ್ವನ ಓಣಿಯ ಹೆಂಗಸರು ತಾಟು ಹಿಡಿದು ಆ ಮೌನವನ್ನು ಓಡಿ ದಾಟಿ ಹಟ್ಟಿಗೆ ಸುದ್ದಿ ಮುಟ್ಟಿಸಬೇಕಾಗುತ್ತಿತ್ತು. ಒಂದು ದಿನ ಬಸ್ಸಮ್ಮನ ಗಬ್ಬದ ಎಮ್ಮೆ ಆ ನೀರು ಕುಡಿದು ಕರುವನ್ನೂ ಕಳೆದುಕೊಂಡಿತು, ತಾನೂ ಉಳಿಯಲಿಲ್ಲ. ತಿಮ್ಮವ್ವ ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಬಂದರು. ಏನು ಮಾತಾಡಿದಿರಿ ಎಂದರೆ, "ಅಂಥಾ ಹೊತ್ತಿನ್ಯಾಗ ಏನ್ ಮಾತಾಡ್ತಾರ ರೀ? ಕುಂತೆ, ಎದ್ದು ಬಂದೆ" ಎನ್ನುತ್ತಾರೆ. ಮುಂದಿನ ಸಲ ಸದ್ದು ಗೌಡರ ಓಣಿ ದಾಟಿ ಹೋಯಿತು.

ಟ್ಯಾಂಕರ್ ಸಿಕ್ಕಿದ್ದು ಅದಾದ ಮೇಲೆ. ಪಾಳಿಯಲ್ಲಿದ್ದವರು ಸೇತುವೆಯ ಹತ್ತಿರ ಬಂದಾಗ ಪೈಪು ಇನ್ನೂ ನೀರಿನಲ್ಲೇ ಇತ್ತು. ತಾಟು ಎದ್ದಿತು, ಊರೇ ಎದ್ದು ಬಂತು. ಹೆಂಗಸರು ಮುಂದೆಯೂ ಹಿಂದೆಯೂ ನಿಂತು ಬಡಿಯುತ್ತಲೇ ಇದ್ದರು. ಡ್ರೈವರ್ ಕಿವಿ ಮುಚ್ಚಿಕೊಂಡು, "ಸಾಕ್ ಮಾಡ್ರಿ ಯಕ್ಕಾರಾ, ತಲಿ ಒಡೀತದ" ಎಂದು ಬೇಡಿಕೊಂಡ. ತಿಮ್ಮವ್ವ ಬಾಟಲಿ ತುಂಬಿ ಅವನ ಮುಂದೆ ಹಿಡಿದರು. "ನಮಗ ಕುಡಸ್ತೀಯಲ್ಲಪ್ಪಾ, ಒಂದು ಗುಟುಕು ನೀ ಕುಡಿ. ತಾಟು ಕೆಳಗ ಇಡ್ತೇವಿ." ಅವನು ಕುಡಿಯಲಿಲ್ಲ. ಪೊಲೀಸರು ಬರುವವರೆಗೂ ಯಾರೂ ತಾಟು ಇಳಿಸಲಿಲ್ಲ. ಅವರೆದುರೇ ಬಾಟಲಿಗೆ ಮೊಹರು ಬಿತ್ತು. ಈ ಸಲದ ವರದಿ ನೀರು ಚೆನ್ನಾಗಿದೆ ಎನ್ನಲಿಲ್ಲ. ಪ್ರಕರಣ ನಡೆಯುತ್ತಿದೆ, ಬನ್ನಿದಿನ್ನಿಯ ಸೇತುವೆಯ ಮೇಲೆ ಮತ್ತೆ ಟ್ಯಾಂಕರ್ ನಿಂತಿಲ್ಲ. ಎಲ್ಲೋ ಮೇಲ್ಗಡೆ ಸುರಿದದ್ದು ಮಾತ್ರ ಅಪರೂಪಕ್ಕೆ ತೇಲಿ ಬರುತ್ತದೆ. ಮೇಲ್ಗಡೆಯ ಊರುಗಳ ಹೆಂಗಸರು ತಾಟಿನ ಪದ್ಧತಿ ಕಲಿಯಲು ಬರುತ್ತಾರೆ. ಗುರುಮಠಕಲ್ ಕಡೆಯವರು ತೆಲುಗಿನಲ್ಲಿ ಕೇಳುತ್ತಾರೆ, ತಿಮ್ಮವ್ವ ಕನ್ನಡದಲ್ಲಿ ಹೇಳುತ್ತಾರೆ, ನಡುವೆ ತಾಟು ಬಡಿದು ತೋರಿಸುತ್ತಾರೆ. ಯಾರಿಗೂ ತೊಡಕಾಗಿಲ್ಲ.

ಕಳೆದ ತಿಂಗಳು ಪಂಚಾಯ್ತಿಯವರು ಮನೆಗೆ ಬಂದಿದ್ದರು. ಹಳ್ಳ ಕಾಯುವ ಕೆಲಸವನ್ನು ತಿಮ್ಮವ್ವನಿಗೇ ವಹಿಸಿ ತಿಂಗಳ ಪಗಾರ ಕೊಡುವುದಾಗಿ ಹೇಳಿದರು. ಚಹಾ ಕೊಟ್ಟು, ಬೇಡ ಎಂದು ಕಳಿಸಿದ್ದಾರೆ.

"ಪಗಾರ ನನಗ ಬಂತಂದ್ರ ನಾಳಿಂದ ಊರು ಮಲಗ್ತದ ರೀ. ಪಗಾರ ತಗೊಂಡಾಕಿ ಎದ್ದಿರ್ತಾಳಲ್ಲ ಅಂತಾರ. ಒಂದs ಮನಿ ಜಿಮ್ಮೇದಾರಿ ಆತು. ಮತ್ತ ಅದು ಹಲಗಿನs ಆತಲ್ಲ!"

"ಬ್ಯಾಡ ಅನ್ನೂ ಮೊದಲು ನನ್ನನ್ನೊಂದು ಮಾತು ಕೇಳಿಲ್ಲ ರೀ ಈಕಿ" ಎಂದು ಖಂಡಪ್ಪ ಒಳಗಿನಿಂದ ತಕರಾರು ತೆಗೆಯುತ್ತಾರೆ.

"ಕೇಳಿದ್ರ ಏನಂತಿದ್ದಿ?"

"ಬ್ಯಾಡ ಅಂತಿದ್ದೆ. ಆದ್ರೂ ಕೇಳ್ಬೇಕಿತ್ತು."

ಹಾಗಾದರೆ ನಿಮಗೆ ಬೇಕಾದದ್ದೇನು ಎಂದು ಕೇಳಿದರೆ ತಿಮ್ಮವ್ವ ತಾಟಿನ ತಗ್ಗುಗಳ ಮೇಲೆ ಬೆರಳಾಡಿಸುತ್ತಾರೆ. ಗೌಡರ ಓಣಿ ಈಗ ಸದ್ದನ್ನು ಮುಂದೆ ದಾಟಿಸುತ್ತದೆ, ನಿಜ. ಆದರೆ ಪಾಳಿಗೆ ನಸುಕಿನಲ್ಲಿ ಹಳ್ಳಕ್ಕೆ ಇಳಿಯಲು ಅಲ್ಲಿಂದ ಯಾರೂ ಬಂದಿಲ್ಲ. ಅವರ ಪಾಳಿಯ ದಿನವೂ ತಿಮ್ಮವ್ವನೇ ಇಳಿಯುತ್ತಾರೆ. "ಒಂದಿನ ನಾ ಹಾಸಿಗ್ಯಾಗ ಇರಬೇಕು ರೀ. ಮೊದಲ ತಾಟು ಅವರ ಕೈಯಾಗಿಂದ ಕೇಳಬೇಕು. ಅಷ್ಟು ಆತಂದ್ರ ಹಳ್ಳದ ಫಿಕರ್ ಇಲ್ಲ ನನಗ."

ಮರುದಿನ ಗೌಡರ ಓಣಿಯ ಪಾಳಿ. ತಿಮ್ಮವ್ವ ಎಂದಿನಂತೆ ಎದ್ದು, ಕೂದಲು ಗಂಟು ಹಾಕಿ, ತಾಟಿಗೆ ಕೈ ಚಾಚಿದ್ದಾರೆ. ಹಳ್ಳದ ಕಡೆಯಿಂದ ಮೂರು ಬಡಿತ. ಬಿಡುವು ತುಸು ಹೆಚ್ಚೇ ಆಯಿತು. ಮತ್ತೆ ಮೂರು. ಖಂಡಪ್ಪ ಹಾಸಿಗೆಯಲ್ಲಿ ಎದ್ದು ಕೂತರು. ತಿಮ್ಮವ್ವ ಚಾಚಿದ ಕೈಯನ್ನು ಹಾಗೇ ಹಿಡಿದು ಒಂದು ಗಳಿಗೆ ಕೇಳಿಸಿಕೊಂಡರು. ಆಮೇಲೆ ಹೊಸ್ತಿಲಿಗೆ ಬಂದು ತಮ್ಮ ತಾಟು ಬಡಿದರು. ಪಕ್ಕದ ಮನೆ ಎತ್ತಿಕೊಂಡಿತು, ಅದರಾಚೆಯ ಮನೆಯೂ ಎತ್ತಿಕೊಂಡಿತು. ಸದ್ದು ಹಟ್ಟಿಯ ಕಡೆ ಓಡಿತು. ಅಲ್ಲಿಂದ ಮಲ್ಕಪ್ಪ ಕುರಿ ತಿರುಗಿಸುವ ಕೂಗು ಕೇಳಿಸಿತು.

ತಿಮ್ಮವ್ವ ಹಳ್ಳಕ್ಕೆ ಬಂದರೆ, ಸೇತುವೆಯ ಕೆಳಗೆ ಸೀರೆಯ ಅಂಚು ಒದ್ದೆ ಮಾಡಿಕೊಂಡು ಬಸ್ಸಮ್ಮ ನಿಂತಿದ್ದಾರೆ. ಕೈಯಲ್ಲಿ ತಾಟು, ಕಾಲ ಬಳಿ ತುಂಬಿಟ್ಟ ಬಾಟಲಿ, ನೀರಿನ ಮೇಲೆ ತೆಳ್ಳಗೆ ಕಂದು ನೊರೆ.

"ಎಷ್ಟೊತ್ತು ಬಡೀಬೇಕs ತಿಮ್ಮವ್ವಾ? ಕೈ ಬಿದ್ದು ಹೋದ್ವು. ಮಲಗಿದ್ದಿ ಏನು?"

"ಹೌದ್ ಯಕ್ಕಾ" ಎನ್ನುತ್ತಾರೆ ತಿಮ್ಮವ್ವ. "ಮಲಗಿದ್ದೆ. ನೀ ಎಬ್ಬಿಸಿದಿ."